ಎರಡು ಅರ್ಜಿ, ಒಬ್ಬಳು ಮೊಮ್ಮಗಳು

ಕಳೆದ ವರ್ಷ ಆಷಾಢ ಮುಗಿದು ಶ್ರಾವಣ ಕಾಲಿಡುವ ಹೊತ್ತಿಗೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಕಾಗದ ಬಂದು ಕೂತವು. ಒಂದು, ಬೆಂಗಳೂರಿನ ಖಾಸಗಿ ಮ್ಯಾನೇಜ್‌ಮೆಂಟ್ ಕಾಲೇಜೊಂದರಿಂದ ಬಂದ ಬಣ್ಣಬಣ್ಣದ ಪತ್ರ. ಎಂ.ಬಿ.ಎ.ಗೆ ಆಯ್ಕೆಯಾಗಿದ್ದೀರಿ, ಹತ್ತು ದಿನದೊಳಗೆ 50,000 ರೂಪಾಯಿ ಕಟ್ಟಿ ಸೀಟು ಕಾಯ್ದಿರಿಸಿಕೊಳ್ಳಿ ಎಂದಿತ್ತು. ಇನ್ನೊಂದು, ಮಾನಸಗಂಗೋತ್ರಿಯಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಅರ್ಜಿ ಕರೆದಿದ್ದ ಪ್ರಕಟಣೆ. ಮೊದಲನೆಯದನ್ನು ಇಟ್ಟವನು ನನ್ನ ಮಗ. ಎರಡನೆಯದನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದು ಇಟ್ಟವನು ನಾನು. ಯಾರಿಗಾಗಿ ಇಟ್ಟೆವೋ ಆ ಮೊಮ್ಮಗಳು ಎರಡನ್ನೂ ಒಂದರ ಮೇಲೊಂದು ಜೋಡಿಸಿ, ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟು ಊಟ ಮುಗಿಸಿ ಎದ್ದು ಹೋದಳು.

ಅವಳು ಆಗಷ್ಟೇ ಬಿ.ಕಾಂ. ಮುಗಿಸಿದ್ದಳು. ನಮ್ಮ ಮನೆಯಲ್ಲಿ ಬಿ.ಕಾಂ. ಎಂದರೆ ಪಿತ್ರಾರ್ಜಿತ ಆಸ್ತಿ ಇದ್ದ ಹಾಗೆ. ನಾನು 1971ರ ಬಿ.ಕಾಂ., ಮಗ 1998ರ ಬಿ.ಕಾಂ., ಈಗ ಇವಳು. ಮುಂದೇನು ಎಂಬ ಪ್ರಶ್ನೆಯೂ ಆಸ್ತಿಯ ಜೊತೆ ಬಂದ ಸಾಲದ ಹಾಗೆ ಕೈಯಿಂದ ಕೈಗೆ ಇಳಿದುಬಂದಿದೆ.

ಮಗನ ವಾದ ಸರಳ. "ಎಂ.ಎ. ಮಾಡಿ ಏನ್ಮಾಡ್ತಾಳೆ ಅಪ್ಪ? ಇನ್ನೊಂದು ಪರೀಕ್ಷೆ, ಅದರ ಮೇಲೆ ಮತ್ತೊಂದು ಪರೀಕ್ಷೆ, ಆಮೇಲೆ ಪಿಎಚ್‌.ಡಿ. ಅಷ್ಟರಲ್ಲಿ ಮೂವತ್ತು ವರ್ಷ ಆಗಿರುತ್ತೆ. ಎಂ.ಬಿ.ಎ. ಆದ್ರೆ ಎರಡು ವರ್ಷ, ಕ್ಯಾಂಪಸ್‌ನಲ್ಲೇ ಕೆಲಸ."

ನನ್ನ ವಾದವೂ ಸಿದ್ಧವಾಗಿತ್ತು. ನಿವೃತ್ತರಿಗೆ ಬಿಡುವು ಜಾಸ್ತಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೆ. ಯು.ಪಿ.ಎಸ್‌.ಸಿ. ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯೇ ಬೇಕು, ಎಂ.ಬಿ.ಎ. ನಡೆಯುವುದಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಬೇಕಾದರೆ ಎಂ.ಎ.ಯ ಮೇಲೆ ನೆಟ್ ಅಥವಾ ಕೆ-ಸೆಟ್ ಆಗಬೇಕು. ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗಕ್ಕೆ ಅರ್ಥಶಾಸ್ತ್ರ ಓದಿದವರನ್ನೇ ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತಾರೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ ಡಾ. ವಿ.ಕೆ.ಆರ್‌.ವಿ. ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದವರು. ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಸಂಶೋಧನಾ ಸಂಸ್ಥೆಯನ್ನೂ ಸ್ಥಾಪಿಸಿದರು. ಇದನ್ನೆಲ್ಲ ನಾನು ಮೊಮ್ಮಗಳಿಗೆ ಓದಿ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ನಮ್ಮ ಮನೆಯಲ್ಲಿ ತಾಳ್ಮೆ ಇರುವುದು ಅವಳಿಗೂ ಅವಳ ಅಜ್ಜಿಗೂ ಮಾತ್ರ.

ವಿಷಯ ಬರೀ ವಾದದಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಆದರೆ ಬೆಂಗಳೂರಿನ ಆ ಕಾಲೇಜಿನ ಖರ್ಚು, ಹಾಸ್ಟೆಲ್ ಸೇರಿ, ಎರಡು ವರ್ಷಕ್ಕೆ 12 ಲಕ್ಷ. ಮಗನ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಶೈಕ್ಷಣಿಕ ಸಾಲ ತೆಗೆಯಬೇಕು. ಸಾಮಾನ್ಯವಾಗಿ ಏಳೂವರೆ ಲಕ್ಷದ ಮೇಲೆ ಹೋದರೆ ಬ್ಯಾಂಕಿನವರು ಸ್ಥಿರಾಸ್ತಿಯ ಭದ್ರತೆ ಕೇಳುತ್ತಾರೆ. ಐ.ಐ.ಎಂ.ನಂಥ ಸಂಸ್ಥೆಯಲ್ಲಿ ಸೀಟು ಸಿಕ್ಕವರಿಗೆ ಬೇರೆ ನಿಯಮ; ನಮ್ಮ ಪತ್ರ ಅಂಥ ಕಡೆಯಿಂದ ಬಂದದ್ದಲ್ಲ. ಮನೆಯಲ್ಲಿ ಇರುವ ಸ್ಥಿರಾಸ್ತಿ ಒಂದೇ. ಕುವೆಂಪುನಗರದ ಈ ಮನೆ. ಅದು ನನ್ನ ಹೆಸರಿನಲ್ಲಿದೆ.

ಈ ಮನೆ ಕಟ್ಟಿದ್ದು 1989ರಲ್ಲಿ, ಬ್ಯಾಂಕಿನ ಸಿಬ್ಬಂದಿ ಸಾಲದಲ್ಲಿ. ಇಪ್ಪತ್ತು ವರ್ಷ ಪ್ರತಿ ತಿಂಗಳೂ ಸಂಬಳದಲ್ಲಿ ಕಂತು ಮುರಿದುಕೊಂಡರು. 2009ರಲ್ಲಿ ಸಾಲ ತೀರಿ ಮನೆ ಪತ್ರ ವಾಪಸ್ ಬಂದ ದಿನ ನನ್ನಾಕೆ ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಆ ಕಲೆ ಪತ್ರದ ಮೂಲೆಯಲ್ಲಿ ಇವತ್ತಿಗೂ ಇದೆ. ಪತ್ರ ಬೀರುವಿನ ಒಳಖಾನೆಯಲ್ಲಿರುತ್ತದೆ. ಕೀಲಿ ಇವಳ ಸೆರಗಿನಲ್ಲಿ.

ನಾನು ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಗುಮಾಸ್ತನಾಗಿಯೇ ಇದ್ದವನು. ಬಡ್ತಿ ಬಂದರೆ ವರ್ಗವೂ ಬರುತ್ತದೆಂದು ಎರಡು ಸಲ ಬೇಡವೆಂದೆ. ಆದರೆ ಕೊನೆಯ ಹತ್ತು ವರ್ಷ ಸಾಲದ ವಿಭಾಗದಲ್ಲಿ ಕೂತೆ. ಶೈಕ್ಷಣಿಕ ಸಾಲದ ಮಾದರಿ ಯೋಜನೆ ಬಂದದ್ದು 2001ರಲ್ಲಿ. ಆಮೇಲೆ ನಮ್ಮ ಶಾಖೆಗೆ ಮಕ್ಕಳ ಕೈ ಹಿಡಿದುಕೊಂಡು ಅಪ್ಪಂದಿರು ಬರತೊಡಗಿದರು. ಒಬ್ಬ ಮೇಷ್ಟ್ರು ನೆನಪಾಗುತ್ತಾರೆ. ಮಗನ ಎಂ.ಬಿ.ಎ.ಗಾಗಿ ಮನೆ ಅಡವಿಟ್ಟರು. ಹುಡುಗನಿಗೆ ಕೆಲಸವೇನೋ ಸಿಕ್ಕಿತು, ಬೈಕಿನಲ್ಲಿ ಊರೂರು ತಿರುಗಿ ಪಾಲಿಸಿ ಮಾರುವ ಕೆಲಸ. ಅವನ ಸಂಬಳ ಅವನ ಪೆಟ್ರೋಲಿಗೂ ಬಾಡಿಗೆಗೂ ಸರಿಹೋಗುತ್ತಿತ್ತು. ಮೇಷ್ಟ್ರು ಪ್ರತಿ ತಿಂಗಳು ಪೆನ್ಷನ್ ತೆಗೆದುಕೊಳ್ಳಲು ನನ್ನ ಪಕ್ಕದ ಕೌಂಟರಿಗೆ ಬರುತ್ತಿದ್ದರು. ಅಲ್ಲಿ ಎಣಿಸಿಕೊಂಡ ನೋಟುಗಳಲ್ಲಿ ಮುಕ್ಕಾಲು ಪಾಲನ್ನು ಚಲನ್ ಬರೆದು ನನ್ನ ಮುಂದೆ ಇಡುತ್ತಿದ್ದರು. ಒಂದು ದಿನವೂ ಮಗನನ್ನು ಬೈದದ್ದು ಕೇಳಲಿಲ್ಲ. ಚಲನ್ ಮೇಲೆ ಮಾತ್ರ ಮಗನ ಹೆಸರನ್ನು ಪೂರ್ತಿಯಾಗಿ, ಇನಿಷಿಯಲ್ ಸಮೇತ, ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು.

ಇದನ್ನು ಮಗನಿಗೆ ಹೇಳಿದೆ. ಹೇಳಬಾರದಿತ್ತು.

"ನಾನು ಕೇಳಿದಾಗಲೂ ಇದೇ ಮನೆ ಅಡ್ಡ ಬಂತು. ಈಗ ನನ್ನ ಮಗಳು ಕೇಳೋವಾಗಲೂ ಇದೇ ಮನೆ" ಎಂದು ಅವನು ಎದ್ದು ಹೋದ.

ನನಗೆ ಮಾತು ಹೊರಡಲಿಲ್ಲ. 1998ರಲ್ಲಿ ಅವನು ಬಿ.ಕಾಂ. ಮುಗಿಸಿದಾಗ ಎಂ.ಬಿ.ಎ. ಮಾಡುತ್ತೇನೆ ಎಂದಿದ್ದ. ಆಗ ಮನೆ ಸಾಲ ಅರ್ಧವೂ ತೀರಿರಲಿಲ್ಲ, ಅವನ ತಂಗಿಯ ಮದುವೆ ಮುಂದಿತ್ತು. ನಾನು ಆಗುವುದಿಲ್ಲ ಎಂದೆ. ಎರಡನೆಯ ಸಲ ಅವನು ಕೇಳಲಿಲ್ಲ. ಒಂದು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿಕೊಂಡ, ಅಲ್ಲೇ ಬೆಳೆದ, ಮನೆ ನಡೆಸುತ್ತಿದ್ದಾನೆ. ಅದು ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದುಕೊಂಡಿದ್ದೆ. ಇಪ್ಪತ್ತಾರು ವರ್ಷ ಅದು ಅವನೊಳಗೆ ಬಡ್ಡಿ ಬೆಳೆಸಿಕೊಂಡು ಕೂತಿತ್ತು ಎಂಬುದು ಆ ಸಂಜೆಯವರೆಗೂ ನನಗೆ ಗೊತ್ತಾಗಲಿಲ್ಲ.

ಎರಡು ದಿನ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೂರನೆಯ ದಿನ ನನ್ನಾಕೆ ಹುರುಳಿಕಾಯಿ ಬಿಡಿಸುತ್ತಾ, ಯಾರನ್ನೂ ನೋಡದೆ ಹೇಳಿದಳು: "ಅಪ್ಪ ತನ್ನ ಎಂ.ಬಿ.ಎ. ಅರ್ಜಿ ತುಂಬಿಸ್ತಾನೆ, ತಾತ ತನ್ನ ಎಂ.ಎ. ಅರ್ಜಿ ತುಂಬಿಸ್ತಾರೆ. ಆ ಹುಡುಗೀಗೂ ಒಂದು ಅರ್ಜಿ ಉಂಟೋ ಇಲ್ವೋ ಕೇಳಿ ಯಾರಾದ್ರೂ." ಎಸ್‌.ಎಸ್‌.ಎಲ್‌.ಸಿ. ಓದಿದವಳು. ಅವಳ ಮಾತಿಗೆ ನಮ್ಮಿಬ್ಬರ ಬಿ.ಕಾಂ. ಸೇರಿದರೂ ಉತ್ತರ ಇರಲಿಲ್ಲ.

ನನ್ನ ಎಂ.ಎ. ಅರ್ಜಿಯ ಕಥೆ ಮನೆಯವರಿಗೆಲ್ಲ ಬಾಯಿಪಾಠ. 1971ರಲ್ಲಿ ಬಿ.ಕಾಂ. ಆದಾಗ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಬೇಕೆಂದು ಫಾರಂ ತಂದಿದ್ದೆ. ಕುವೆಂಪು ಅವರೇ ಹೆಸರಿಟ್ಟ ಆವರಣ, ಮರಗಳ ನಡುವಿನ ದಾರಿ, ಕೈಯಲ್ಲಿ ದಪ್ಪ ಪುಸ್ತಕ ಹಿಡಿದು ನಡೆಯುವ ಹುಡುಗರು. ನಾನೂ ಅವರಲ್ಲೊಬ್ಬ ಆಗುವ ಆಸೆ. ಅದೇ ವಾರ ಬ್ಯಾಂಕಿನ ನೇಮಕಾತಿ ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಹಳ್ಳಿಹಳ್ಳಿಗೂ ಶಾಖೆ ತೆರೆಯುತ್ತಿದ್ದ ಕಾಲ, ಕೆಲಸಗಳಿದ್ದವು. ನಮ್ಮ ತಂದೆ ನೇಮಕಾತಿ ಪತ್ರವನ್ನು ಎರಡು ಸಲ ಓದಿಸಿಕೊಂಡು, "ಓದು ಎಲ್ಲೂ ಓಡಿಹೋಗೋದಿಲ್ಲ ಕಣೋ, ಕೆಲಸ ಓಡಿಹೋಗುತ್ತೆ" ಎಂದರು. ನಾನು ಕೆಲಸಕ್ಕೆ ಸೇರಿದೆ. ಅಪ್ಪ ಓದಿಸಲಿಲ್ಲ ಎಂದು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಸಹೋದ್ಯೋಗಿಗಳ ಬೀಳ್ಕೊಡುಗೆ ಸಮಾರಂಭಗಳಲ್ಲಿ.

ಅಜ್ಜಿಯ ಮಾತಿನ ಮಾರನೆಯ ದಿನ ಮೊಮ್ಮಗಳು ನನ್ನ ಕೋಣೆಗೆ ಬಂದಳು. ಅಂಕಪಟ್ಟಿಗಳ ಫೈಲು ಹುಡುಕುವಾಗ ನನ್ನ ಹಳೆಯ ಟ್ರಂಕಿನಲ್ಲಿ ಆ ಫಾರಂ ಅವಳಿಗೆ ಸಿಕ್ಕಿತ್ತು. ಕಾಗದ ಹಳದಿಯಾಗಿ ಮಡಿಕೆಯಲ್ಲಿ ಹರಿದಿತ್ತು. ನನ್ನ ಹೆಸರು, ತಂದೆಯ ಹೆಸರು, ಊರು ಇಷ್ಟು ತುಂಬಿದ್ದೆ.

"ತಾತ, ಒಂದು ಕೇಳಲಾ? ಬೇಜಾರು ಮಾಡ್ಕೋಬಾರದು."

"ಕೇಳು ಪುಟ್ಟಿ."

"ಆಗಲೂ ಅಂಚೆ ಮೂಲಕ ಓದೋದು ಇತ್ತಲ್ವಾ? ಕೆಲಸ ಮಾಡ್ಕೊಂಡೇ ಎಂ.ಎ. ಮಾಡಬಹುದಿತ್ತಲ್ಲ?"

ಇತ್ತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಶುರುವಾದದ್ದು ನಾನು ಡಿಗ್ರಿ ಓದುತ್ತಿದ್ದಾಗಲೇ, 1969ರಲ್ಲಿ. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ಮುಕ್ತಗಂಗೋತ್ರಿ ನಮ್ಮ ಮನೆಯಿಂದ ಎಷ್ಟು ದೂರ? ಬೆಳಗಿನ ವಾಕಿಂಗ್ ಸ್ವಲ್ಪ ಉದ್ದ ಮಾಡಿದರೆ ಮುಟ್ಟಬಹುದು. ನಮ್ಮ ಶಾಖೆಯಲ್ಲೇ ಇಬ್ಬರು ಹಾಗೆ ಓದಿ ಎಂ.ಎ. ಮಾಡಿಕೊಂಡರು. ಒಬ್ಬರಂತೂ ಕ್ಯಾಷ್ ಮುಗಿಸಿ, ಎಲ್ಲರೂ ಹೋದ ಮೇಲೆ ಅದೇ ಕೌಂಟರಿನಲ್ಲಿ ಕೂತು ಓದುತ್ತಿದ್ದರು. ಆಗ ನಾನು ಎಲ್ಲಿರುತ್ತಿದ್ದೆ? ಯೂನಿಯನ್ ಕಚೇರಿಯಲ್ಲಿ ಹರಟೆ, ಇಲ್ಲವೇ ಷಟಲ್ ಕಾಕ್. ಸಿ.ಎ.ಐ.ಐ.ಬಿ. ಮೊದಲ ಭಾಗ ಪಾಸು ಮಾಡಿದ್ದು ಕೂಡ ಇನ್‌ಕ್ರಿಮೆಂಟ್ ಆಸೆಗೆ.

ನನಗೆ ಬೇಕಾಗಿದ್ದದ್ದು ಅರ್ಥಶಾಸ್ತ್ರವೋ, ಆ ಮರಗಳ ನಡುವಿನ ದಾರಿಯೋ? ಮೊಮ್ಮಗಳಿಗೆ ಏನೋ ಗೊಣಗಿ ಕಳಿಸಿದೆ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ತೀರಿಹೋದ ಅಪ್ಪನ ಮೇಲೆ ಇಷ್ಟು ವರ್ಷ ಹೊರಿಸಿದ್ದ ಬಾಕಿಯನ್ನು ಯಾವ ಖಾತೆಗೆ ತಿರುಗಿಸಿ ಬರೆಯುವುದು?

ಇಷ್ಟಾದ ಮೇಲೆ ನಾನು ಉಪದೇಶ ನಿಲ್ಲಿಸಿದೆ. ಬೇರೆ ದಾರಿ ಹಿಡಿದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವು ತರಲು ದೇವರಾಜ ಮಾರುಕಟ್ಟೆಗೆ ಹೋಗುವಾಗ ಮೊಮ್ಮಗಳನ್ನೂ ಕರೆದುಕೊಂಡು ಹೋದೆ. ಕಾಲಿಡಲು ಜಾಗವಿರಲಿಲ್ಲ. ಹಿಂದಿನ ವಾರ ಮಾರು 60 ರೂಪಾಯಿ ಇದ್ದ ಮಲ್ಲಿಗೆ 150 ಆಗಿತ್ತು. ಎಲ್ಲ ಅಂಗಡಿಯಲ್ಲೂ 150. ಜನ ಬೈದುಕೊಂಡೇ ಕೊಳ್ಳುತ್ತಿದ್ದರು.

ಒಳಗೊಳಗೇ ನನಗೊಂದು ನಿರೀಕ್ಷೆ. ಅರ್ಥಶಾಸ್ತ್ರದ ಮನಸ್ಸಿದ್ದವರು ಇಲ್ಲಿ ಏನು ಕೇಳಬೇಕು? ಇಷ್ಟೊಂದು ಮಾರಾಟಗಾರರಿದ್ದರೂ ಬೆಲೆ ಒಂದೇ ಏಕೆ? ಹೆಚ್ಚಾದ 90 ರೂಪಾಯಿಯಲ್ಲಿ ಬೆಳೆದವನಿಗೆ ಎಷ್ಟು, ಮಂಡಿಯವನಿಗೆ ಎಷ್ಟು, ಕಟ್ಟಿದವಳಿಗೆ ಎಷ್ಟು? ಬೆಲೆ ಇಷ್ಟು ಏರಿದರೂ ಕೊಳ್ಳುವವರು ಕಡಿಮೆಯಾಗಲಿಲ್ಲವಲ್ಲ, ಏಕೆ? ಇವಳು ಇಂಥದ್ದೊಂದು ಕೇಳಲಿ ಎಂದು ಕಾದೆ. ಕೇಳಿದರೆ ಬಾಕಿ ಇದ್ದ ಫಾರಂ ಅವಳೇ ತುಂಬಿದ ಹಾಗೆ.

ಅವಳು ಹೂವಿನ ಹೆಂಗಸಿನ ಎದುರು ಕುಕ್ಕರುಗಾಲಲ್ಲಿ ಕೂತಳು. "ಅಕ್ಕಾ, ಇವತ್ತು ಎಷ್ಟು ತಂದಿದ್ದೀರ? ಸಂಜೆ ಉಳಿದುಬಿಟ್ರೆ ಏನ್ಮಾಡ್ತೀರ?"

"ಉಳಿಯಾಕೆ ಬಿಡಕಿಲ್ಲ ಕಣವ್ವಾ. ನಾಕು ಗಂಟೆ ಮ್ಯಾಲೆ ಮೊಳಕ್ಕೆ ಇಳಿಸ್ತೀನಿ, ಮಾರು ತಗಳಾಕಾಗದೋರು ಮೊಳ ತಗತಾರೆ. ಆಮೇಲೂ ಮಿಕ್ರೆ ದೇವಸ್ಥಾನದೋರು ಬತ್ತಾರೆ."

"ಅವರಿಗೆ ಮೊದಲೇ ಹೇಳಿಟ್ಟಿರ್ತೀರಾ? ಹಬ್ಬಕ್ಕೆ ಎಷ್ಟು ತರಬೇಕು ಅಂತ ಹೆಂಗೆ ಗೊತ್ತಾಗುತ್ತೆ? ಹೋದ ವರ್ಷದ್ದು ಬರ್ಕೊಂಡಿರ್ತೀರಾ?"

ಇಪ್ಪತ್ತು ನಿಮಿಷ ಇದೇ ಮಾತು. ಆ ಹೆಂಗಸು ಬರೆದುಕೊಳ್ಳುವವಳಲ್ಲ. ಹೋದ ಹಬ್ಬಕ್ಕೆ ಎಷ್ಟು ಕುಕ್ಕೆ ಖಾಲಿಯಾಯಿತು, ಮಳೆ ಬಂದಿತ್ತೋ ಇಲ್ಲವೋ, ಎಲ್ಲ ಬಾಯಲ್ಲೇ ಇತ್ತು. ನನ್ನ ಮೊಮ್ಮಗಳ ಕಣ್ಣು ಹೊಳೆಯುತ್ತಿದ್ದವು. ವಾಪಸ್ ಬರುವಾಗ ಸಿಟಿ ಬಸ್ಸಿನಲ್ಲಿ, "ತಾತ, ಆ ಅಕ್ಕ ಪಕ್ಕದಲ್ಲೇ ಬಾಳೆಕಂದು, ಮಾವಿನಸೊಪ್ಪು ಇಟ್ಕೊಂಡಿದ್ರೆ ಹೂವಿಗೆ ಬಂದೋರು ಅದನ್ನೂ ಅಲ್ಲೇ ತಗೋತಿದ್ರು ಅಲ್ವಾ?" ಎಂದಳು. ಬೆಲೆ ಏಕೆ ಏರಿತು ಎಂದು ಅವಳು ಕೇಳಲೇ ಇಲ್ಲ. ಏರಿದ ದಿನ ಅಂಗಡಿ ನಡೆಸುವುದು ಹೇಗೆ ಎಂಬುದೇ ಅವಳ ಪ್ರಶ್ನೆ.

ನನಗೆ ಸ್ವಲ್ಪ ಪೆಚ್ಚಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಒಂದು ಹೂವಿನ ಅಂಗಡಿ ನೋಡಿ ಜೀವನ ತೀರ್ಮಾನ ಮಾಡಲಾಗುವುದಿಲ್ಲವಲ್ಲ. ಮನೆಗೆ ಬಂದು ಇನ್ನೊಂದು ಪರೀಕ್ಷೆ ಮಾಡಿದೆವು. ಇದು ಅವಳದೇ ಉಪಾಯ. ಎರಡು ಹಳೆಯ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಿಕೊಂಡು ಬಂದಳು. ಒಂದು, ಐ.ಐ.ಟಿ.ಗಳು ನಡೆಸುವ ಜಾಮ್ ಪರೀಕ್ಷೆಯ ಅರ್ಥಶಾಸ್ತ್ರದ್ದು. 2021ರಿಂದ ಅದರಲ್ಲಿ ಅರ್ಥಶಾಸ್ತ್ರವೂ ಇದೆ. ಇನ್ನೊಂದು, ಐ.ಐ.ಎಂ.ಗಳು ನಡೆಸುವ ಕ್ಯಾಟ್ ಪರೀಕ್ಷೆಯದು. ಅರ್ಥಶಾಸ್ತ್ರದ ಪತ್ರಿಕೆ ನೋಡಿ ನಾನು ದಂಗಾದೆ. ನಾನು ಅಂದುಕೊಂಡಿದ್ದ ಅರ್ಥಶಾಸ್ತ್ರ ಪಂಚವಾರ್ಷಿಕ ಯೋಜನೆ, ಬಡತನ, ಬಜೆಟ್ಟು, ಹಣದುಬ್ಬರ. ಪತ್ರಿಕೆಯಲ್ಲಿ ಅವೂ ಇದ್ದವು, ಆದರೆ ಬಹುಪಾಲು ಗಣಿತ: ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಭವನೀಯತೆ. ಈಗಿನ ಒಳ್ಳೆಯ ಸಂಸ್ಥೆಗಳಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಎಂದರೆ ಮುಕ್ಕಾಲು ಪಾಲು ಗಣಿತ ಮತ್ತು ಸಂಖ್ಯಾಶಾಸ್ತ್ರ. ಬಿ.ಕಾಂ. ಓದಿ ಬಂದ ಮಕ್ಕಳು ಮೊದಲು ಎಡವುವುದೇ ಅಲ್ಲಿ. ಪದವಿಯಲ್ಲಿ ಅರ್ಥಶಾಸ್ತ್ರ ಎಷ್ಟು ಓದಿದ್ದೀರಿ ಎಂದು ಕೇಳಿ, ಸಾಲದು ಎಂದು ವಾಪಸ್ ಕಳಿಸುವ ವಿಶ್ವವಿದ್ಯಾಲಯಗಳೂ ಇವೆ. ಇದೊಂದನ್ನು ಮನೆಯ ಹಿರಿಯರು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ನನ್ನ ನೋಟ್‌ಬುಕ್ಕಿನಲ್ಲಿ ಅದು ಇರಲಿಲ್ಲ.

ಮೊಮ್ಮಗಳು ಒಂದು ಗಂಟೆ ಆ ಪತ್ರಿಕೆಯ ಜೊತೆ ಗುದ್ದಾಡಿದಳು. ಆಗದೇ ಇರುವುದೇನಲ್ಲ, ಕಲಿತರೆ ಆಗುತ್ತದೆ, ಆದರೆ ಆಕಳಿಸುತ್ತಿದ್ದಳು. ರಾತ್ರಿ ಊಟವಾದ ಮೇಲೆ ಕ್ಯಾಟ್ ಪತ್ರಿಕೆ ತೆಗೆದಳು. ಅದರಲ್ಲಿ ಅಂಕಿಅಂಶಗಳ ಪಟ್ಟಿ ಕೊಟ್ಟು, ಯಾರು ಎಲ್ಲಿ ಕೂರುತ್ತಾರೆ, ಯಾವ ಅಂಗಡಿ ಎಷ್ಟು ಮಾರಿತು ಎಂದು ಬಿಡಿಸುವ ಒಗಟುಗಳಿರುತ್ತವೆ. ಹನ್ನೊಂದೂವರೆಗೆ ನಾನು ನೀರು ಕುಡಿಯಲು ಎದ್ದಾಗಲೂ ಅಡುಗೆಮನೆಯ ದೀಪ ಉರಿಯುತ್ತಿತ್ತು. "ಇದೊಂದು ಬಿಡಿಸಿ ಮಲಗ್ತೀನಿ ತಾತ" ಎಂದಳು.

ಅಲ್ಲಿಗೆ ನನ್ನ ಎಂ.ಎ. ಪಕ್ಷ ಸೋತಿತು. ಅದು ಮಗನ ಪಕ್ಷದ ಗೆಲುವೂ ಆಗಲಿಲ್ಲ. ಎಂ.ಬಿ.ಎ. ಸರಿ, ಈ ಪತ್ರದ ಎಂ.ಬಿ.ಎ. ಸರಿಯೇ? ಅದರ ಲೆಕ್ಕ ಇನ್ನೂ ಆಗಿರಲಿಲ್ಲ. ಹತ್ತು ದಿನದ ಗಡುವಿನಲ್ಲಿ ಎರಡು ದಿನ ಉಳಿದಿತ್ತು.

ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಮೂವರೂ ಕೂತೆವು. ಪೆನ್ನು ಅವಳ ಕೈಯಲ್ಲಿ. ಹನ್ನೆರಡು ಲಕ್ಷ ಸಾಲ, ಶೇಕಡಾ 10 ಬಡ್ಡಿ ಎಂದು ಇಟ್ಟುಕೊಂಡೆವು. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಜನ ಇದನ್ನು ಕೇಳಿ ಬಡ್ಡಿಯೂ ಇಲ್ಲ ಅಂದುಕೊಳ್ಳುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಮೊದಲ ವರ್ಷ 6 ಲಕ್ಷಕ್ಕೆ 60,000, ಮುಂದಿನ ಎರಡು ವರ್ಷ 12 ಲಕ್ಷಕ್ಕೆ ತಲಾ 1,20,000. ಒಟ್ಟು 3 ಲಕ್ಷ ಬಡ್ಡಿ. ಕಂತು ಶುರುವಾಗುವ ದಿನಕ್ಕೆ ಸಾಲ 15 ಲಕ್ಷ. ಹತ್ತು ವರ್ಷಕ್ಕೆ ತಿಂಗಳಿಗೆ 19,823 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 23 ಲಕ್ಷ 79 ಸಾವಿರ.

"ಕೆಲಸ ಸಿಕ್ಕರೆ ಆಗುತ್ತೆ" ಎಂದ ಮಗ. "ಪತ್ರದಲ್ಲೇ ಹಾಕಿದ್ದಾರಲ್ಲ, ಸರಾಸರಿ ಸಂಬಳ ವರ್ಷಕ್ಕೆ 6 ಲಕ್ಷ ಅಂತ."

ಮೊಮ್ಮಗಳು ಕಾಗದದ ಮೇಲೆ ಹತ್ತು ಗೆರೆ ಎಳೆದಳು. "ಅಪ್ಪ, ಹತ್ತು ಜನ ಇದ್ದಾರೆ ಅಂದ್ಕೊಳ್ಳಿ. ಒಂಬತ್ತು ಜನಕ್ಕೆ 4 ಲಕ್ಷ, ಒಬ್ಬನಿಗೆ ಮಾತ್ರ 24 ಲಕ್ಷ. ಸರಾಸರಿ ಎಷ್ಟು?"

ಮಗ ಲೆಕ್ಕಪತ್ರದವನು. ಬಾಯಿಲೆಕ್ಕದಲ್ಲೇ ಮಾಡಿದ. "ಆರು."

"ಆರು ಲಕ್ಷ ಯಾರಿಗೆ ಬಂತು?"

ಮಗ ಸುಮ್ಮನಾದ. ಅವಳು ಆಗಲೇ ತನ್ನ ಗೆಳತಿಯ ಅಕ್ಕನ ಮೂಲಕ ಆ ಕಾಲೇಜಿನಲ್ಲಿ ಓದಿದ ಇಬ್ಬರನ್ನು ಫೋನಿನಲ್ಲಿ ಮಾತಾಡಿಸಿದ್ದಳು. ಅವಳು ಕೇಳಿದ್ದು ಮೂರೇ ಪ್ರಶ್ನೆ: ತರಗತಿಯಲ್ಲಿ ಎಷ್ಟು ಜನ ಇದ್ದಿರಿ, ಎಷ್ಟು ಜನಕ್ಕೆ ಕ್ಯಾಂಪಸ್‌ನಲ್ಲೇ ಕೆಲಸವಾಯಿತು, ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನ ಸಂಬಳ ಎಷ್ಟು. ಬಂದ ಉತ್ತರ 4 ಲಕ್ಷದ ಸುತ್ತಮುತ್ತ. ಕೈಗೆ ಸಿಗುವುದು ತಿಂಗಳಿಗೆ ಮೂವತ್ತು ಸಾವಿರದ ಒಳಗೆ. ಅದರಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಓಡಾಟ, ಅದರ ಮೇಲೆ ಈ 19,823. ನನಗೆ ಮೇಷ್ಟ್ರ ಚಲನ್ ಕಣ್ಣ ಮುಂದೆ ಬಂತು. ಈ ಸಲ ಬಾಯಿ ಬಿಡಲಿಲ್ಲ.

"ನನಗೆ ಎಂ.ಬಿ.ಎ.ನೇ ಬೇಕು ಅಪ್ಪ" ಎಂದಳು ಅವಳು. "ಆದ್ರೆ ಅಜ್ಜಿ ಕುಂಕುಮ ಹಚ್ಚಿದ ಪತ್ರ ಇಟ್ಟು ಬೇಡ. ಒಂದು ವರ್ಷ ಕೆಲಸ ಮಾಡ್ತೀನಿ. ನವೆಂಬರ್‌ನಲ್ಲಿ ಕ್ಯಾಟ್ ಬರೀತೀನಿ, ಆಗದಿದ್ರೆ ಪಿ.ಜಿ.ಸಿ.ಇ.ಟಿ. ಬರೆದು ಸರ್ಕಾರಿ ಸೀಟು ನೋಡ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ತಾತ, ರಘುರಾಮ್ ರಾಜನ್ ಮೊದಲು ಇಂಜಿನಿಯರಿಂಗ್ ಓದಿ, ಅಹಮದಾಬಾದ್ ಐ.ಐ.ಎಂ.ನಲ್ಲಿ ಎಂ.ಬಿ.ಎ. ಓದಿ, ಆಮೇಲೆ ಮ್ಯಾನೇಜ್‌ಮೆಂಟ್‌ನಲ್ಲೇ ಪಿಎಚ್‌.ಡಿ. ಮಾಡಿ ಅರ್ಥಶಾಸ್ತ್ರಜ್ಞ ಆಗಿದ್ದು. ಬಾಗಿಲು ಮುಚ್ಚಿಹೋಗಲ್ಲ" ಎಂದು ಸಮಾಧಾನ ಮಾಡಿದಳು. ಎಪ್ಪತ್ತಮೂರು ವರ್ಷದವನಿಗೆ ಇಪ್ಪತ್ತೊಂದು ವರ್ಷದವಳ ಸಮಾಧಾನ!

ಐವತ್ತು ಸಾವಿರ ಕಟ್ಟಲಿಲ್ಲ. ಗಡುವಿನ ದಿನ ಕಾಲೇಜಿನಿಂದ ಮಗನಿಗೆ ನಾಲ್ಕು ಸಲ ಫೋನ್ ಬಂತು. ಗಡುವು ಕಳೆದ ಮೇಲೆ ಇನ್ನೂ ಆರು ಸಲ ಬಂತು. ಮುಗಿದೇ ಹೋಗುತ್ತದೆ ಎಂದಿದ್ದ ಸೀಟು ಸೆಪ್ಟೆಂಬರಿನವರೆಗೂ ನಮಗಾಗಿ ಕಾದಿತ್ತು.

ಮಗ ಒಂದು ತಿಂಗಳು ನನ್ನ ಜೊತೆ ಅಷ್ಟಕ್ಕಷ್ಟೇ ಇದ್ದ. ಒಂದು ಬೆಳಗ್ಗೆ ವರಾಂಡದಲ್ಲಿ ಇಬ್ಬರೇ ಕಾಫಿ ಕುಡಿಯುತ್ತಿದ್ದೆವು. ಹೇಳಬೇಕೆಂದು ಎಷ್ಟೋ ದಿನದಿಂದ ಅಂದುಕೊಂಡಿದ್ದೆ, ಬಾಯಿಗೆ ಬರುತ್ತಿರಲಿಲ್ಲ.

"ಅವತ್ತು ನೀನು ಕೇಳಿದಾಗ ಇವಳ ಹಾಗೆ ಕೂರಿಸಿಕೊಂಡು ಲೆಕ್ಕ ಹಾಕಿ ತೋರಿಸಬೇಕಿತ್ತು ಕಣಪ್ಪ. ಬರೀ ಆಗೋದಿಲ್ಲ ಅಂದುಬಿಟ್ಟೆ."

ಅವನು ಪತ್ರಿಕೆ ಮಡಿಸಿಟ್ಟ. ಸ್ವಲ್ಪ ಹೊತ್ತು ಎದುರು ಮನೆಯ ಗೇಟು ನೋಡಿದ. "ಆಗಲೂ ಆಗ್ತಿರಲಿಲ್ಲ ಬಿಡಿ ಅಪ್ಪ" ಎಂದ. ಆಮೇಲೆ, "ಕಾಫಿ ಆರ್ತಿದೆ, ಕುಡೀರಿ" ಎಂದ.

ಮೊಮ್ಮಗಳು ಆಡಿಟರ್ ಕಚೇರಿಯೊಂದರಲ್ಲಿ ವರ್ಷ ದುಡಿದಳು. ನವೆಂಬರಿನ ಕೊನೆಯ ಭಾನುವಾರ ಕ್ಯಾಟ್ ಬರೆದಳು. ಐ.ಐ.ಎಂ.ಗೆ ಹೋಗುವಷ್ಟು ಬರಲಿಲ್ಲ. ಒಂದು ದಿನ ಅತ್ತಳು, ಮಾರನೆಯ ದಿನ ಪಿ.ಜಿ.ಸಿ.ಇ.ಟಿ. ಪುಸ್ತಕ ತೆಗೆದಳು. ಅದರಲ್ಲಿ ಒಳ್ಳೆಯ ಕ್ರಮಾಂಕ ಬಂತು. ಸಿಕ್ಕ ಸೀಟು ಎಲ್ಲಿಯದು ಗೊತ್ತೇ? ಮಾನಸಗಂಗೋತ್ರಿಯದೇ ಎಂ.ಬಿ.ಎ. ಖರ್ಚಿಗೆ ನನ್ನದೊಂದು ಎಫ್‌.ಡಿ. ಮುರಿಸಿದೆ. ಮುರಿಸಿದ ಮೇಲೂ ಅದರಲ್ಲಿ ಉಳಿದಿದೆ ಎಂಬುದು ಗುಮಾಸ್ತನಿಗೆ ಸಂತೋಷದ ಸಂಗತಿ. ಮನೆ ಪತ್ರ ಬೀರುವಿನಲ್ಲೇ ಇದೆ.

ಈಗ ಬೆಳಗ್ಗೆ ಸಿಟಿ ಬಸ್ಸು ಹಿಡಿದು ಹೋಗುತ್ತಾಳೆ. ಮೊದಲ ವಾರ ಒಂದು ದಿನ ನಾನೂ ಜೊತೆಗೆ ಹೋಗಿ ಆ ಮರಗಳ ನಡುವಿನ ದಾರಿಯಲ್ಲಿ ನಡೆದು ಬಂದೆ. ಎಂ.ಬಿ.ಎ.ಯಲ್ಲೂ ಅರ್ಥಶಾಸ್ತ್ರದ ಒಂದು ವಿಷಯ ಇದೆಯಂತೆ. ಮೊನ್ನೆ ಬಂದವಳೇ ಚೀಲ ಇಳಿಸುತ್ತಾ, "ತಾತ, ಹಬ್ಬದ ಹಿಂದಿನ ದಿನ ಮಲ್ಲಿಗೆ ಬೆಲೆ ಎಷ್ಟೇ ಏರಿದ್ರೂ ಜನ ಯಾಕೆ ತಗೊಂಡ್ರು ಗೊತ್ತಾ? ಅದಕ್ಕೆ ಇನ್‌ಎಲಾಸ್ಟಿಕ್ ಡಿಮ್ಯಾಂಡ್ ಅಂತಾರೆ. ಆವತ್ತೇ ನಿಮ್ಮನ್ನ ಕೇಳಬೇಕಿತ್ತು" ಎಂದಳು. ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದಾಳೆ. ಎರಡು ಅಧ್ಯಾಯ ಮುಗಿಸಿದ್ದೇನೆ. ಮೂರನೆಯದರಲ್ಲಿ ಕಲನಶಾಸ್ತ್ರ ಬಂದು ನಿಂತಿದ್ದೇನೆ. ಭಾನುವಾರ ಬಿಡುವಾಗಿ ಕೂತು ಹೇಳಿಕೊಡುತ್ತೇನೆ ಎಂದಿದ್ದಾಳೆ.